ಅಡಿಕೆ ಮಂಡಿಯ ಪ್ರೋಗ್ರಾಂನಲ್ಲಿ ಬಟನ್ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮಂಡಿ, ಸೊಸೈಟಿ, ಅಂಗಡಿಗಳಿಗೆ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದುಕೊಡುವವರಿಗಾಗಿ ಈ ಪುಟ. ಉದಾಹರಣೆಗೆಲ್ಲ ಒಂದೇ ಪರದೆ ಇಟ್ಟುಕೊಂಡಿದ್ದೇವೆ: ರೈತರ ಹೆಸರು, ಅಡಿಕೆಯ ತರ, ಚೀಲದ ಲೆಕ್ಕ, ತೂಕ, ಕ್ವಿಂಟಾಲ್ ದರ ತುಂಬಿಸಿ ಪಟ್ಟಿ, ಅಂದರೆ ಮಾರಾಟದ ಬಿಲ್, ತೆಗೆಯುವ ಪರದೆ. ಭಾಷೆ ಪೈಥಾನ್. ಪರದೆಯ ಮೇಲೆ ಬಟನ್ ಬಿಡಿಸುವ ಲೈಬ್ರರಿ ಟಿಕಿಂಟರ್ ಅಥವಾ ಪೈಸೈಡ್ 6, ಅಂದರೆ ಕ್ಯೂಟಿ. ಆಜ್ಞೆಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಕ್ಯೂಟಿಯಲ್ಲಿ ಪದಗಳನ್ನು ಅಂಟಿಸಿ, ಎರಡನೆಯ ಪದದಿಂದ ಮೊದಲಕ್ಷರ ದೊಡ್ಡದು ಮಾಡಿ. ಟಿಕಿಂಟರ್‌ನಲ್ಲಿ ಆಜ್ಞೆಗಳೆಲ್ಲ ಸಣ್ಣಕ್ಷರ, ಗ್ರಿಡ್ ರಿಮೂವ್, ಗ್ರಿಡ್ ಫರ್ಗೆಟ್‌ಗಳಲ್ಲಿ ಮಾತ್ರ ಪದಗಳ ನಡುವೆ ಅಂಡರ್‌ಸ್ಕೋರ್.

ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಬಟನ್‌ಗಳು ಮಂಡಿಯ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂತಿವೆ. ಯಾಕೆ?

ಎಕ್ಸ್, ವೈ ಅಳತೆ ಕೊಟ್ಟು ಕೂರಿಸಿದ್ದೀರಿ. ಟಿಕಿಂಟರ್‌ನಲ್ಲಿ ಪ್ಲೇಸ್, ಕ್ಯೂಟಿಯಲ್ಲಿ ಮೂವ್ ಅಥವಾ ಸೆಟ್ ಜಿಯಾಮೆಟ್ರಿ ಬಳಸಿದರೆ ಬಟನ್ ನೀವು ಹೇಳಿದ ಪಿಕ್ಸೆಲ್‌ನಲ್ಲೇ ಕೂರುತ್ತದೆ. ಆದರೆ ಅದರೊಳಗಿನ ಅಕ್ಷರದ ಅಗಲ ಫಾಂಟಿನ ಕೈಯಲ್ಲಿದೆ. ನಿಮ್ಮಲ್ಲಿ 92 ಪಿಕ್ಸೆಲ್‌ನಲ್ಲಿ ಮುಗಿದ "ಪಟ್ಟಿ ಮುದ್ರಿಸು" ಬೇರೆ ಫಾಂಟ್ ಇರುವ ಕಡೆ 118 ಆಗಬಹುದು. ಪಕ್ಕದ ಬಟನ್‌ಗೆ ಅದು ಗೊತ್ತಾಗುವುದಿಲ್ಲ, ತನ್ನ ಜಾಗದಲ್ಲೇ ಕೂತಿರುತ್ತದೆ.

ಅಳತೆ ಕೊಡುವ ಬದಲು ಸಂಬಂಧ ಹೇಳಿ: ಇದು ಅದರ ಬಲಕ್ಕೆ, ಇವೆರಡರ ಅಗಲ ಒಂದೇ, ಮಿಕ್ಕ ಜಾಗವೆಲ್ಲ ಎಡಕ್ಕೆ. ಅಳೆಯುವ ಕೆಲಸವನ್ನು ಲೇಔಟ್, ಅಂದರೆ ಲೈಬ್ರರಿಯೊಳಗಿನ ಜೋಡಣೆಯ ವ್ಯವಸ್ಥೆ, ಮಾಡಿಕೊಳ್ಳುತ್ತದೆ. ಇಂಗ್ಲಿಷ್ ಪ್ರೋಗ್ರಾಂ ಬರೆಯುವವರು ಅಳತೆ ಕೊಟ್ಟೂ ಹೇಗೋ ಪಾರಾಗುತ್ತಾರೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ, ಫಾಂಟಿನಿಂದ ಫಾಂಟಿಗೆ ನಮ್ಮ ಅಕ್ಷರದ ಅಗಲವೂ ಎತ್ತರವೂ ಅಷ್ಟು ಬದಲಾಗುತ್ತವೆ.

ಟಿಕಿಂಟರ್‌ನ ಪ್ಯಾಕ್, ಗ್ರಿಡ್, ಪ್ಲೇಸ್ – ಯಾವುದನ್ನು ಬಳಸಲಿ?

ಫಾರಂ ತರಹದ ಪರದೆಗೆ ಗ್ರಿಡ್. ಒಂದೇ ಸಾಲಿನಲ್ಲಿ ನಿಲ್ಲುವ ಬಟನ್‌ಗಳಿಗೆ ಪ್ಯಾಕ್. ಪ್ಲೇಸ್‌ನ ಅಗತ್ಯ ನೂರಕ್ಕೊಂದು ಸಲ ಬರುತ್ತದೆ, ಚಿತ್ರದ ಮೇಲೆ ಗುರುತು ಇಡುವಂಥ ಕೆಲಸಕ್ಕೆ.

ಕ್ಯೂಟಿಯಲ್ಲಿ ಇವುಗಳ ಜಾಗದಲ್ಲಿ ಗ್ರಿಡ್ ಲೇಔಟ್, ಅಡ್ಡಸಾಲಿನ ಎಚ್‌ಬಾಕ್ಸ್, ಕಂಬಸಾಲಿನ ವಿಬಾಕ್ಸ್, ಹೆಸರು–ಖಾನೆ ಜೋಡಿಗೆ ಫಾರ್ಮ್ ಲೇಔಟ್ ಇವೆ. ಒಂದರೊಳಗೆ ಒಂದನ್ನು ಇಡಬಹುದು. ಮಂಡಿ ಪರದೆಗೆ ನಾವು ಹೇಳುವ ಚೌಕಟ್ಟು ಹೀಗಿದೆ. ಹೊರಗೊಂದು ವಿಬಾಕ್ಸ್. ಅದರೊಳಗೆ ಮೇಲಿನಿಂದ ಕ್ರಮವಾಗಿ ಹೆಸರಿನ ಖಾನೆ, ತರದ ಬಟನ್‌ಗಳ ಗ್ರಿಡ್, ಚೀಲ–ತೂಕ–ದರದ ಖಾನೆಗಳ ಫಾರ್ಮ್ ಲೇಔಟ್, ಆಡ್ ಸ್ಟ್ರೆಚ್, ಕೊನೆಗೆ ಉಳಿಸು–ಮುದ್ರಿಸು ಇರುವ ಎಚ್‌ಬಾಕ್ಸ್. ನಡುವಿನ ಸ್ಟ್ರೆಚ್ ಇಲ್ಲದಿದ್ದರೆ ಕಿಟಕಿ ದೊಡ್ಡದು ಮಾಡಿದಾಗ ಖಾಲಿ ಜಾಗ ಸಾಲುಗಳ ಮಧ್ಯೆ ಹಂಚಿಹೋಗಿ, ಪರದೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಪ್ಯಾಕ್ ಮತ್ತು ಗ್ರಿಡ್ ಒಟ್ಟಿಗೆ ಹಾಕಿದರೆ ಪ್ರೋಗ್ರಾಂ ನಿಂತುಹೋಗುತ್ತದೆ, ಹೌದೆ?

ಒಂದೇ ಫ್ರೇಮಿನೊಳಗೆ ಎರಡನ್ನೂ ಹಾಕಿದರೆ ಮಾತ್ರ. ಟಿಕಿಂಟರ್‌ನ ಒಳಗಿರುವ ಟಿಕೆಯ ಹಳೆಯ ಆವೃತ್ತಿಗಳಲ್ಲಿ ಎರಡೂ ವ್ಯವಸ್ಥಾಪಕರು ಫ್ರೇಮಿನ ಅಳತೆಯನ್ನು ಕೊನೆಯಿಲ್ಲದೆ ಎಳೆದಾಡುತ್ತಿದ್ದವು, ಕಿಟಕಿ ತೆರೆಯುತ್ತಲೇ ಇರಲಿಲ್ಲ. 8.6ರಿಂದ ನೇರವಾಗಿ ಎರರ್ ಬರುತ್ತದೆ, ಅಷ್ಟರಮಟ್ಟಿಗೆ ನೆಮ್ಮದಿ. ಬೇರೆ ಬೇರೆ ಫ್ರೇಮ್‌ಗಳಲ್ಲಿ ಬೇರೆ ಬೇರೆ ಬಳಸಲು ಯಾವ ಅಡ್ಡಿಯೂ ಇಲ್ಲ.

ಸರಕು, ಬೆಟ್ಟೆ, ರಾಶಿ, ಗೊರಬಲು – ಈ ನಾಲ್ಕು ಬಟನ್ ಒಂದೇ ಅಗಲದಲ್ಲಿ ಬರಬೇಕು. ಹೇಗೆ?

ಟಿಕಿಂಟರ್‌ನಲ್ಲಿ ಮೂರು ಕೆಲಸ ಮಾಡಬೇಕು. ಜನ ಸಾಮಾನ್ಯವಾಗಿ ಒಂದು ಮಾಡಿ ಎರಡು ಬಿಡುತ್ತಾರೆ.

ಮೊದಲನೆಯದು, ಪ್ರತಿ ಬಟನ್‌ಗೆ ಗ್ರಿಡ್‌ನಲ್ಲಿ ಸ್ಟಿಕಿ ಎಂದು ಪೂರ್ವ–ಪಶ್ಚಿಮ ಎರಡೂ ದಿಕ್ಕು ಕೊಡಿ. ಇಲ್ಲದಿದ್ದರೆ ಕಂಬ ಅಗಲವಾದರೂ ಬಟನ್ ನಡುವೆ ಚಿಕ್ಕದಾಗಿಯೇ ಕೂರುತ್ತದೆ. ಎರಡನೆಯದು, ಫ್ರೇಮಿನ ಮೇಲೆ ಕಾಲಮ್ ಕಾನ್ಫಿಗರ್ ಕರೆದು ನಾಲ್ಕೂ ಕಂಬಕ್ಕೆ ವೇಟ್ 1 ಕೊಡಿ. ವೇಟ್ ಹೇಳದೆ ಬಿಟ್ಟರೆ ಅದು 0, ಅಂದರೆ ಹೆಚ್ಚುವರಿ ಜಾಗದಲ್ಲಿ ಪಾಲಿಲ್ಲ. ಮೂರನೆಯದು, ಅದೇ ಆಜ್ಞೆಯಲ್ಲಿ ಯೂನಿಫಾರ್ಮ್ ಎಂಬ ಆಯ್ಕೆಗೆ ನಾಲ್ಕಕ್ಕೂ ಒಂದೇ ಹೆಸರು ಕೊಡಿ, "ತರ" ಎಂದಿಟ್ಟರೂ ಸರಿ. ಬರೀ ವೇಟ್ ಕೊಟ್ಟರೆ ಹೆಚ್ಚುವರಿ ಜಾಗ ಮಾತ್ರ ಸಮನಾಗಿ ಹಂಚಿಕೆಯಾಗುತ್ತದೆ. "ಗೊರಬಲು" ಮೊದಲೇ ಅಗಲವಾದ್ದರಿಂದ ಕೊನೆಯಲ್ಲೂ ಅಗಲವಾಗಿಯೇ ಉಳಿಯುತ್ತದೆ. ಯೂನಿಫಾರ್ಮ್ ಹಾಕಿದ ಮೇಲೆ ಒಟ್ಟು ಅಗಲವೇ ಸಮಪಾಲು.

ಕ್ಯೂಟಿಯಲ್ಲಿ ಗ್ರಿಡ್ ಲೇಔಟಿನ ಸೆಟ್ ಕಾಲಮ್ ಸ್ಟ್ರೆಚ್ ನಾಲ್ಕಕ್ಕೂ 1 ಎಂದರೆ ಸಾಕು.

ಸಾಗರಕ್ಕೆ ಕೊಡುವುದಾದರೆ ಬಟನ್ ಹೆಸರುಗಳೇ ಬದಲಾಗುತ್ತವೆ: ಚಾಲಿ, ರಾಶಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕಾ. ಆದ್ದರಿಂದ ಹೆಸರುಗಳನ್ನು ಒಂದು ಲಿಸ್ಟ್‌ನಲ್ಲಿಟ್ಟು ಲೂಪ್‌ನಲ್ಲಿ ಬಟನ್ ಹುಟ್ಟಿಸಿ. ಕ್ರಮಸಂಖ್ಯೆಯನ್ನು ಕಂಬಗಳ ಸಂಖ್ಯೆಯಿಂದ ಭಾಗಿಸಿದರೆ ಭಾಗಲಬ್ಧ ಸಾಲು, ಶೇಷ ಕಂಬ. ನಾಲ್ಕು ತರಕ್ಕೆ ಒಂದು ಸಾಲು, ಆರು ತರಕ್ಕೆ ಮೂರು ಮೂರರ ಎರಡು ಸಾಲು ಮಾಡಿ. ನಾಲ್ಕು ಮತ್ತು ಎರಡು ಎಂದು ಒಡೆದರೆ ಕೆಳಗಿನ ಎರಡು ತಬ್ಬಲಿಗಳ ಹಾಗೆ ಕಾಣುತ್ತವೆ, ಅವಕ್ಕೇನೋ ಬೇರೆ ಅರ್ಥವಿದೆ ಎಂದು ಬಳಸುವವರು ಅಂದುಕೊಳ್ಳುತ್ತಾರೆ.

ಯಾವ ತರ ಒತ್ತಿದರೂ "ಗೊರಬಲು" ಎಂದೇ ದಾಖಲಾಗುತ್ತದೆ!

ಲೂಪ್‌ನಲ್ಲಿ ಹುಟ್ಟಿಸಿದ ಬಟನ್‌ಗಳ ಹಳೆಯ ಕಾಯಿಲೆ ಇದು. ಬಟನ್‌ಗೆ ಕಟ್ಟುವ ಲ್ಯಾಮ್ಡಾ, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಅದರ ಒಳಗಿನ ಹೆಸರಿನ ಬೆಲೆಯನ್ನು ಪೈಥಾನ್ ನೋಡುವುದು ಬಟನ್ ಹುಟ್ಟಿದಾಗಲ್ಲ, ಒತ್ತಿದಾಗ. ಅಷ್ಟು ಹೊತ್ತಿಗೆ ಲೂಪ್ ಮುಗಿದು ಆ ಹೆಸರು ಕೊನೆಯ ಬೆಲೆಯಲ್ಲಿ ನಿಂತಿರುತ್ತದೆ.

ಟಿಕಿಂಟರ್‌ನಲ್ಲಿ ಲ್ಯಾಮ್ಡಾಗೆ ಡಿಫಾಲ್ಟ್ ಆರ್ಗ್ಯುಮೆಂಟ್ ಆಗಿ ಆ ಕ್ಷಣದ ಬೆಲೆಯನ್ನು ಕಟ್ಟಿಹಾಕಿ, ಅಥವಾ ಫಂಕ್‌ಟೂಲ್ಸ್‌ನ ಪಾರ್ಶಿಯಲ್ ಬಳಸಿ. ಕ್ಯೂಟಿಯಲ್ಲಿ ಅದೇ ಮದ್ದು ಬೇರೆ ರೋಗ ತರುತ್ತದೆ. ಅಲ್ಲಿನ ಕ್ಲಿಕ್ಡ್ ಸಿಗ್ನಲ್ ತಾನಾಗಿ ಒಂದು ಬೆಲೆ ಕಳಿಸುತ್ತದೆ, ಬಟನ್ ಒತ್ತಿದ ಸ್ಥಿತಿಯಲ್ಲಿ ನಿಂತಿದೆಯೇ ಎಂಬುದು. ಅದು ನಿಮ್ಮ ಡಿಫಾಲ್ಟ್ ಆರ್ಗ್ಯುಮೆಂಟನ್ನು ಒದ್ದು ತಾನು ಕೂರುತ್ತದೆ, ತರದ ಜಾಗದಲ್ಲಿ ಫಾಲ್ಸ್ ಎಂದು ದಾಖಲಾಗುತ್ತದೆ. ಲ್ಯಾಮ್ಡಾದ ಮೊದಲ ಆರ್ಗ್ಯುಮೆಂಟನ್ನು ಆ ಬೆಲೆಗೆಂದೇ ಬಿಟ್ಟು, ಎರಡನೆಯದರಲ್ಲಿ ತರವನ್ನು ಕಟ್ಟಿ.

ಬಟನ್ ಒತ್ತದೆಯೇ, ಪ್ರೋಗ್ರಾಂ ತೆರೆದ ತಕ್ಷಣ ಪ್ರಿಂಟರ್ ಓಡುತ್ತದೆ. ಆಮೇಲೆ ಒತ್ತಿದರೆ ಏನೂ ಆಗುವುದಿಲ್ಲ.

ಕಮಾಂಡ್‌ಗೆ ಫಂಕ್ಷನ್ ಹೆಸರು ಕೊಡುವಾಗ ಮುಂದೆ ಆವರಣ ಚಿಹ್ನೆ ಹಾಕಿದ್ದೀರಿ. ತೆಗೆಯಿರಿ.

ಬಟನ್ ಮೇಲಿನ ಒತ್ತಕ್ಷರ ಕೆಳಗೆ ಕತ್ತರಿಸಿದ ಹಾಗೆ ಕಾಣುತ್ತದೆ.

ಕನ್ನಡದ ಬಟನ್‌ನ ಮೊದಲ ಶತ್ರು ಇದೇ. "ಮುದ್ರಿಸು", "ಪಟ್ಟಿ", "ಬೆಟ್ಟೆ", "ರದ್ದು" – ನಾಲ್ಕರಲ್ಲೂ ಅಕ್ಷರದ ಕಾಲು ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ಗೆಂದು ಲೆಕ್ಕ ಹಾಕಿದ ಎತ್ತರದಲ್ಲಿ ದ್ರ ಅಕ್ಷರದ ರ ಒತ್ತು ಹೋಗಿ ಬರೀ "ಮುದಿಸು" ಉಳಿಯುತ್ತದೆ. ಕಾರಣ ಎರಡು ಇರಬಹುದು.

ಒಂದು, ಸೆಟ್ ಫಿಕ್ಸ್ಡ್ ಹೈಟ್ ಎಂದು 23 ಪಿಕ್ಸೆಲ್ ಹಾಕಿರುತ್ತೀರಿ. ಈ 23 ಎಲ್ಲಿಂದ ಬಂತೆಂದರೆ, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಮಾರ್ಗಸೂಚಿಯಲ್ಲಿ ಸಾಮಾನ್ಯ ಬಟನ್‌ಗೆ 75 ಅಗಲ, 23 ಎತ್ತರ ಎಂದು ಹೇಳಿದೆ. ಲೆಕ್ಕ 96 ಡಿಪಿಐಗೆ, ಅಂದರೆ ಇಂಚಿಗೆ 96 ಚುಕ್ಕೆ. ಕನ್ನಡಕ್ಕೆ ಅದು ಸಾಲದು. ಎತ್ತರವನ್ನು ಕಟ್ಟಿಹಾಕಲೇಬೇಡಿ, ಬೇಕೇಬೇಕೆಂದರೆ ಸೆಟ್ ಮಿನಿಮಮ್ ಹೈಟ್ ಎಂದು 32ರಿಂದ 36 ಕೊಡಿ.

ಎರಡನೆಯದು ಸ್ವಲ್ಪ ಮರೆಯಲ್ಲಿರುವ ಕಾರಣ. ಪ್ರೋಗ್ರಾಂನ ಮುಖ್ಯ ಫಾಂಟ್ ಸಿಗೋ ಯುಐ ಆಗಿದ್ದರೆ ಅದರಲ್ಲಿ ಕನ್ನಡವಿಲ್ಲ. ವಿಂಡೋಸ್ ತಾನೇ ನಿರ್ಮಲಾ ಯುಐನಿಂದ ಅಕ್ಷರ ತಂದು ಬಿಡಿಸುತ್ತದೆ. ಆದರೆ ಬಟನ್‌ನ ಎತ್ತರದ ಲೆಕ್ಕ ಮುಖ್ಯ ಫಾಂಟಿನದೇ. ಅಳತೆ ಒಬ್ಬರದು, ಅಂಗಿ ಇನ್ನೊಬ್ಬರದು. ಪ್ರೋಗ್ರಾಂ ಶುರುವಾದ ಕೂಡಲೇ ಸೆಟ್ ಫಾಂಟ್ ಎಂದು ನಿರ್ಮಲಾ ಯುಐ ಅಥವಾ ನೋಟೋ ಸ್ಯಾನ್ಸ್ ಕನ್ನಡವನ್ನು ಮುಖ್ಯ ಫಾಂಟ್ ಮಾಡಿ, ಅಳತೆಯೂ ಅದರದ್ದೇ ಆಗುತ್ತದೆ. ಹಳೆಯ ಪ್ರೋಗ್ರಾಂಗಳು ಕೇಳುವ ತುಂಗಾ ಫಾಂಟ್ ವಿಂಡೋಸ್ 10ರಲ್ಲಿ ತಾನಾಗಿ ಇರುವುದಿಲ್ಲ. ಕನ್ನಡದ ಪೂರಕ ಫಾಂಟ್‌ಗಳು ಎಂಬ ಐಚ್ಛಿಕ ಭಾಗವಾಗಿ ಸೇರಿಸಬೇಕು. ಅದನ್ನು ನಂಬಿಕೊಳ್ಳಬೇಡಿ.

ಟಿಕಿಂಟರ್‌ನ ಹೊಸ ರೂಪದ ಬಟನ್‌ಗಳಿರುವ ಟಿಟಿಕೆ ಭಾಗದಲ್ಲಿ ಬಟನ್‌ಗೆ ಎತ್ತರ ಎಂಬ ಆಯ್ಕೆಯೇ ಇಲ್ಲ. ಸ್ಟೈಲ್‌ನಲ್ಲಿ ಪ್ಯಾಡಿಂಗ್ ಮೇಲೆ–ಕೆಳಗೆ 6 ಕೊಡಿ, ಅಥವಾ ಗ್ರಿಡ್‌ನಲ್ಲಿ ಐಪ್ಯಾಡ್‌ವೈ ಬಳಸಿ.

ಪರೀಕ್ಷೆಗೆ "ಲಕ್ಷ್ಮೀ" ಎಂದು ಒಂದು ಬಟನ್ ಮಾಡಿ ನೋಡಿ. ಅದು ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ.

ಬಟನ್ ಅಗಲವನ್ನು ಅಕ್ಷರ ಎಣಿಸಿ ಕೊಡಬಹುದೆ?

ಬೇಡ. ಟಿಕಿಂಟರ್‌ನ ವಿಡ್ತ್ ಲೆಕ್ಕ ಹಾಕುವುದು ಸೊನ್ನೆ ಅಂಕಿಯ ಅಗಲದಲ್ಲಿ. ಪೈಥಾನ್‌ಗೆ "ಮುದ್ರಿಸು" ಎಷ್ಟು ಉದ್ದ ಎಂದು ಕೇಳಿದರೆ 8 ಎನ್ನುತ್ತದೆ: ಮ, ಉಕಾರ, ದ, ಹಲಂತ, ರ, ಇಕಾರ, ಸ, ಉಕಾರ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. "ಬೆಟ್ಟೆ" ಕಣ್ಣಿಗೆ ಎರಡು, ಪೈಥಾನ್‌ಗೆ 6. ಹೀಗಾಗಿ ಎಣಿಕೆಗೂ ಅಗಲಕ್ಕೂ ಸಂಬಂಧವೇ ಇಲ್ಲ. ಟಿಟಿಕೆಯಲ್ಲಿ ವಿಡ್ತ್‌ಗೆ ಋಣಸಂಖ್ಯೆ, ಉದಾಹರಣೆಗೆ ಮೈನಸ್ 10 ಕೊಟ್ಟರೆ "ಕನಿಷ್ಠ ಇಷ್ಟು, ಬೇಕಾದರೆ ಬೆಳೆ" ಎಂದರ್ಥ. ಅದು ನಿರಪಾಯ.

ಉಬುಂಟುವಿನಲ್ಲಿ ಟಿಕಿಂಟರ್ ಬಟನ್‌ಗಳ ಮೇಲೆ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ಫಾಂಟ್ ಬದಲಿಸಿದರೂ ಸರಿಹೋಗಲಿಲ್ಲ.

ಫಾಂಟಿನ ತಪ್ಪಲ್ಲ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರ ಜೋಡಿಸುವ ಶೇಪಿಂಗ್ ಕೆಲಸ ಮಾಡುವುದಿಲ್ಲ. ದ, ಹಲಂತ, ರ ಇವುಗಳನ್ನು ಒಂದರ ಪಕ್ಕ ಒಂದಿಟ್ಟು ಕೈತೊಳೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಕೆಲಸವನ್ನು ವಿಂಡೋಸೇ ಮಾಡಿಕೊಡುವುದರಿಂದ ಅಲ್ಲಿ ಗೊತ್ತಾಗುವುದಿಲ್ಲ. ಕ್ಯೂಟಿ ಮತ್ತು ಜಿಟಿಕೆ ಎರಡೂ ಶೇಪಿಂಗ್‌ಗೆಂದೇ ಇರುವ ಹಾರ್ಫ್‌ಬಜ್ ಲೈಬ್ರರಿ ಬಳಸುತ್ತವೆ, ಅಲ್ಲಿ ಒತ್ತು ಸರಿಯಾಗಿ ಕೂರುತ್ತದೆ. ಲಿನಕ್ಸ್‌ನಲ್ಲೂ ಓಡಬೇಕಾದ ಕನ್ನಡ ಪ್ರೋಗ್ರಾಂ ಎಂದಾದರೆ ಟಿಕಿಂಟರ್‌ನಲ್ಲಿ ಶುರುಮಾಡಲೇಬೇಡಿ. ಅರ್ಧ ಬರೆದ ಮೇಲೆ ಬದಲಿಸುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ.

ಹಳೆಯ ಪ್ರೋಗ್ರಾಂನಿಂದ ಬಟನ್ ಹೆಸರು ನಕಲು ಮಾಡಿದರೆ ಇಂಗ್ಲಿಷ್ ಅಕ್ಷರದ ಚಿಂದಿ ಬರುತ್ತದೆ.

ಅದು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿಗೆ ಟೈಪ್ ಮಾಡಿದ ಪಠ್ಯ. ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿಸುತ್ತಿತ್ತು. ಇಪ್ಪತ್ತು ಮೂವತ್ತು ಬಟನ್ ಹೆಸರಿಗೆ ಪರಿವರ್ತಕ ಹುಡುಕುವ ಬದಲು ಯೂನಿಕೋಡ್‌ನಲ್ಲಿ ಕೈಯಾರೆ ಟೈಪ್ ಮಾಡಿ. ರೈತರ ಹೆಸರಿನ ಇಡೀ ಕಡತವಿದ್ದರೆ ಪರಿವರ್ತಕ ಬೇಕೇ ಬೇಕು, ಮಾಡಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಿ.

ಯಾವ ಬಟನ್ ಎಲ್ಲಿರಬೇಕು?

ಕೈ ನಡೆಯುವ ಕ್ರಮದಲ್ಲಿ. ತೂಕದ ಚೀಟಿ ನೋಡಿ ಗುಮಾಸ್ತರು ಹೆಸರು, ತರ, ಚೀಲ, ತೂಕ, ದರ ಎಂದು ಇಳಿಯುತ್ತಾರೆ. ಆದ್ದರಿಂದ ತರದ ಬಟನ್‌ಗಳು ತೂಕದ ಖಾನೆಗಿಂತ ಮೇಲೆ ಇರಬೇಕು, ಉಳಿಸು–ಮುದ್ರಿಸು ಕೆಳಗೆ ಬಲಕ್ಕೆ. ಚಂದಕ್ಕೆಂದು ಎಲ್ಲ ಬಟನ್‌ಗಳನ್ನೂ ಮೇಲಿನ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವವರಿದ್ದಾರೆ. ಆಗ ಪ್ರತಿ ಪಟ್ಟಿಗೂ ಮೌಸ್ ಕೆಳಗಿನಿಂದ ಮೇಲಕ್ಕೆ ಓಡಬೇಕು. ಗುರಿ ದೂರವಿದ್ದಷ್ಟೂ, ಚಿಕ್ಕದಿದ್ದಷ್ಟೂ ಮುಟ್ಟಲು ಹೊತ್ತು ಹೆಚ್ಚು ಎಂಬುದನ್ನು ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕದಲ್ಲಿ ತೋರಿಸಿದ್ದಾರೆ. ಕೊಯ್ಲು ಮುಗಿದು ಮಂಡಿ ತುಂಬಿದ ದಿನಗಳಲ್ಲಿ ಆ ಹೊತ್ತು ಕೌಂಟರ್ ಮುಂದಿನ ಸಾಲಾಗಿ ಕಾಣಿಸುತ್ತದೆ.

ಅಳಿಸುವ ಬಟನ್ ಉಳಿಸುವುದರ ಪಕ್ಕ ಇರಕೂಡದು. ಎಚ್‌ಬಾಕ್ಸ್‌ನಲ್ಲಿ ಮೊದಲು "ಪಟ್ಟಿ ಅಳಿಸು", ಆಮೇಲೆ ಆಡ್ ಸ್ಟ್ರೆಚ್, ಆಮೇಲೆ "ಉಳಿಸು", "ಮುದ್ರಿಸು". ಒಂದು ಎಡತುದಿಗೆ, ಎರಡು ಬಲತುದಿಗೆ ಹೋಗುತ್ತವೆ.

"ಸರಿ" ಮೊದಲೋ "ರದ್ದು" ಮೊದಲೋ?

ವಿಂಡೋಸ್‌ನಲ್ಲಿ ಸರಿ ಎಡಕ್ಕೆ, ರದ್ದು ಅದರ ಬಲಕ್ಕೆ. ಮ್ಯಾಕ್‌ನಲ್ಲೂ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಒಪ್ಪಿಗೆಯ ಬಟನ್ ಬಲತುದಿಗೆ. ಕ್ಯೂಟಿಯ ಡೈಲಾಗ್ ಬಟನ್ ಬಾಕ್ಸ್ ಬಳಸಿದರೆ ಅದೇ ಊರಿಗೆ ತಕ್ಕ ಹಾಗೆ ಸಾಲು ಬದಲಿಸುತ್ತದೆ.

ಕನ್ನಡದಲ್ಲಿ ಇದಕ್ಕಿಂತ ದೊಡ್ಡ ತಕರಾರು ಆ ಪದದ್ದೇ. ಮಂಡಿಯಲ್ಲಿ "ಪಟ್ಟಿ ರದ್ದು" ಎಂದರೆ ಬರೆದ ಪಟ್ಟಿಯನ್ನು ಅಸಿಂಧು ಮಾಡುವುದು. ಈಗ ಈ ಸಂವಾದ ನೋಡಿ. ಪ್ರಶ್ನೆ: "ಈ ಪಟ್ಟಿಯನ್ನು ರದ್ದು ಮಾಡಬೇಕೆ?" ಕೆಳಗೆ ಎರಡು ಬಟನ್: "ಸರಿ", "ರದ್ದು". ಪಟ್ಟಿ ರದ್ದಾಗಲಿ ಎಂದು ಬಂದವರು ಒತ್ತುವುದು "ರದ್ದು" ಬಟನ್ನನ್ನೇ. ಏನೂ ಆಗುವುದಿಲ್ಲ, ಸಂವಾದ ಮುಚ್ಚಿಕೊಳ್ಳುತ್ತದೆ, ಕೆಲಸ ಆಯಿತೆಂದು ಅವರು ಎದ್ದು ಹೋಗುತ್ತಾರೆ. ಸಂಜೆ ಲೆಕ್ಕ ಕೂಡುವುದಿಲ್ಲ.

ಬಟನ್ ಮೇಲೆ ಆಗುವ ಕೆಲಸವನ್ನೇ ಬರೆಯಿರಿ: "ಪಟ್ಟಿ ರದ್ದು ಮಾಡು" ಮತ್ತು "ಹಾಗೇ ಇರಲಿ". ಡೈಲಾಗ್ ಬಟನ್ ಬಾಕ್ಸ್‌ಗೆ ಆಡ್ ಬಟನ್ ಎಂದು ನಿಮ್ಮದೇ ಪಠ್ಯ ಕೊಟ್ಟು, ಜೊತೆಗೆ ಅದರ ಪಾತ್ರವನ್ನೂ ಹೇಳಿದರೆ ಸಾಲಿನ ಕ್ರಮ ಅದೇ ನೋಡಿಕೊಳ್ಳುತ್ತದೆ.

"ಉಳಿಸು" ಎನ್ನಬೇಕೆ, "ಉಳಿಸಿ" ಎನ್ನಬೇಕೆ, "ಸೇವ್" ಎನ್ನಬೇಕೆ?

ಬಟನ್ ಎಂದರೆ ಬಳಸುವವರು ಯಂತ್ರಕ್ಕೆ ಹೇಳುವ ಮಾತು, ಯಂತ್ರಕ್ಕೆ ಬಹುವಚನ ಬೇಕಿಲ್ಲ. ಹಾಗಾಗಿ "ಉಳಿಸು". ಬಳಸುವವರಿಗೆ ಯಂತ್ರ ಹೇಳುವ ಮಾತಾದರೆ "ತೂಕ ತುಂಬಿಸಿ". ಈ ಭೇದ ಇಟ್ಟುಕೊಂಡರೆ ಯಾವುದು ಬಟನ್, ಯಾವುದು ಸೂಚನೆ ಎಂಬುದು ಓದಿದಾಗಲೇ ತಿಳಿಯುತ್ತದೆ. "ಸೇವ್", "ಪ್ರಿಂಟ್" ಎಂದರೂ ತಪ್ಪಿಲ್ಲ, ಕೌಂಟರ್‌ನಲ್ಲಿ ಎಲ್ಲರ ಬಾಯಲ್ಲೂ ಅದೇ ಇರುವುದು. ಒಂದು ಪರದೆಯಲ್ಲಿ "ಸೇವ್", ಇನ್ನೊಂದರಲ್ಲಿ "ಉಳಿಸು" ಎಂದು ಬೆರೆಸುವುದು ಮಾತ್ರ ಬೇಡ.

ಬಟನ್‌ಗಳ ನಡುವೆ ಎಷ್ಟು ಜಾಗ ಬಿಡಬೇಕು?

ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಸಂಬಂಧಪಟ್ಟ ಬಟನ್‌ಗಳ ನಡುವೆ 7, ಕಿಟಕಿಯ ಅಂಚಿಗೆ 11 ಪಿಕ್ಸೆಲ್. ಮೌಸ್‌ಗೆ ಅಷ್ಟು ಸಾಕು. ಟಿಕಿಂಟರ್‌ನಲ್ಲಿ ಪ್ಯಾಡ್‌ಎಕ್ಸ್ 4 ಎಂದರೆ ಎರಡೂ ಬದಿಗೆ ನಾಲ್ಕು ನಾಲ್ಕು, ಅಕ್ಕಪಕ್ಕದ ಬಟನ್‌ಗಳ ನಡುವೆ ಒಟ್ಟು 8 ಆಗುತ್ತದೆ ಎಂಬುದು ನೆನಪಿರಲಿ.

ಟಚ್ ಪರದೆಯಾದರೆ ಬೇರೆ ಮಾತು. ಆಂಡ್ರಾಯ್ಡ್ ಮಾರ್ಗಸೂಚಿ ಹೇಳುವ 48 ಡಿಪಿ ಸುಮಾರು 9 ಮಿಲಿಮೀಟರ್. ಚೊಗರು ಹತ್ತಿದ ಬೆರಳು, ಮಳೆಗಾಲದ ಒದ್ದೆ ಕೈ ಎರಡನ್ನೂ ಲೆಕ್ಕ ಹಾಕಿದರೆ ನಾವು 12 ಮಿಲಿಮೀಟರ್‌ಗಿಂತ ಕಡಿಮೆ ಮಾಡುವುದಿಲ್ಲ. 96 ಡಿಪಿಐ ಪರದೆಯಲ್ಲಿ ಅದು ಸುಮಾರು 45 ಪಿಕ್ಸೆಲ್. ಪರದೆಗೆ ಸ್ಕೇಲ್ ಇಟ್ಟು ಅಳೆದೇ ನೋಡಿ.

ಕೆಳಗಿನ ಸಾಲಿನ ಬಟನ್‌ಗಳು ಪರದೆಯಿಂದಾಚೆ ಹೋಗಿವೆ.

ಇನ್ನೂ ಬಹಳ ಕಡೆ ಇರುವುದು 1366×768ರ ಪರದೆ. ಕಣ್ಣಿಗೆ ಹಿತವಾಗಲೆಂದು ಯಾರೋ ಸ್ಕೇಲಿಂಗನ್ನು 125% ಮಾಡಿರುತ್ತಾರೆ. ಆಗ ಉಳಿಯುವ ಎತ್ತರ 768ನ್ನು 1.25ರಿಂದ ಭಾಗಿಸಿದಷ್ಟು, ಅಂದರೆ 614. ವಿಂಡೋಸ್ 10ರ ಟಾಸ್ಕ್‌ಬಾರ್‌ಗೆ 40, ಶೀರ್ಷಿಕೆ ಪಟ್ಟಿಗೆ ಸುಮಾರು 30 ಕಳೆದರೆ ನಿಮ್ಮ ಕೈಗೆ 544. ಸಾಲಿಗೆ 34ರಂತೆ ಹನ್ನೆರಡು ಸಾಲಿಗೆ 408, ಅಂಚುಗಳಿಗೆ 22, ಬಟನ್ ಸಾಲಿಗೆ 46 – ಒಟ್ಟು 476, ಹಿಡಿಸುತ್ತದೆ. ಹದಿನಾರು ಸಾಲಾದರೆ ಖಾನೆಗಳೇ 544 ತಿಂದು, ಬಟನ್ ಟಾಸ್ಕ್‌ಬಾರಿನ ಹಿಂದೆ ಹೋಗುತ್ತದೆ.

ಖಾನೆಗಳನ್ನು ಎರಡು ಕಂಬ ಮಾಡಿ. ಸಾಲದಿದ್ದರೆ ಸ್ಕ್ರೋಲ್ ಏರಿಯಾ ಹಾಕಿ. ಆದರೆ ಸ್ಕ್ರೋಲ್ ಒಳಗೆ ಖಾನೆಗಳು ಮಾತ್ರ, ಬಟನ್ ಸಾಲು ಅದರ ಹೊರಗೆ, ಕೆಳಗೆ ಸ್ಥಿರವಾಗಿ ಇರಬೇಕು. ಟಿಕಿಂಟರ್‌ನ ಪ್ಯಾಕ್ ಬಳಸುವವರಿಗೆ ಒಂದು ಗುಟ್ಟು: ಬಟನ್ ಫ್ರೇಮನ್ನು ಸೈಡ್ ಬಾಟಮ್ ಎಂದು ಖಾನೆಗಳಿಗಿಂತ ಮೊದಲು ಪ್ಯಾಕ್ ಮಾಡಿ. ಜಾಗ ಸಾಲದಾದಾಗ ಪ್ಯಾಕ್ ಕೊನೆಗೆ ಬಂದವರನ್ನು ಹೊರಗಿಡುತ್ತದೆ, ಮೊದಲು ಬಂದವರಿಗೆ ಸೀಟು ಗ್ಯಾರಂಟಿ.

ತೂಕ ಹಾಕಿ ಎಂಟರ್ ಒತ್ತಿದರೆ ಪಟ್ಟಿಯೇ ಅಳಿಸಿಹೋಗುತ್ತದೆ!

ಕ್ಯೂಟಿಯ ಡೈಲಾಗ್ ಒಳಗಿನ ಪ್ರತಿ ಪುಶ್ ಬಟನ್‌ಗೂ ಆಟೋ ಡಿಫಾಲ್ಟ್ ಎಂಬ ಗುಣ ತಾನಾಗಿ ಬಂದಿರುತ್ತದೆ. ಯಾವುದನ್ನೂ ಡಿಫಾಲ್ಟ್ ಎಂದು ನೀವು ಹೇಳದಿದ್ದರೆ ಕ್ರಮದಲ್ಲಿ ಮೊದಲು ಸಿಗುವ ಬಟನ್ ಎಂಟರ್‌ಗೆ ಓಗೊಡುತ್ತದೆ. ಎಡತುದಿಯಲ್ಲಿ "ಅಳಿಸು" ಇಟ್ಟು ಅದನ್ನೇ ಮೊದಲು ಹುಟ್ಟಿಸಿದ್ದರೆ ಕಥೆ ಮುಗಿಯಿತು. ಎಲ್ಲ ಬಟನ್‌ಗೂ ಸೆಟ್ ಆಟೋ ಡಿಫಾಲ್ಟ್ ಫಾಲ್ಸ್ ಮಾಡಿ, "ಉಳಿಸು" ಒಂದಕ್ಕೆ ಸೆಟ್ ಡಿಫಾಲ್ಟ್ ಟ್ರೂ ಕೊಡಿ. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು ಎಂದು ಗುಮಾಸ್ತರು ಬಯಸುವುದಾದರೆ ಡಿಫಾಲ್ಟ್ ಬಟನ್ನೇ ಬೇಡ.

ತೂಕ ಹಾಕುವವರು ಬಳಸುವುದು ಬಲಗಡೆಯ ಅಂಕಿ ಕೀಲಿಗಳನ್ನು. ಅಲ್ಲಿನ ಎಂಟರ್ ಕ್ಯೂಟಿಗೆ ಬೇರೆಯದೇ ಕೀಲಿ. ಮಧ್ಯದ ದೊಡ್ಡದನ್ನು ಅದು ರಿಟರ್ನ್ ಎನ್ನುತ್ತದೆ. ಕೈಯಾರೆ ಕೀಲಿ ಹಿಡಿಯುವಾಗ ಎರಡನ್ನೂ ಹಿಡಿಯಿರಿ. ಲಿನಕ್ಸ್‌ನ ಟಿಕಿಂಟರ್‌ನಲ್ಲೂ ಹಾಗೆಯೇ.

ಮೌಸ್ ಇಲ್ಲದೆ ಬಟನ್ ಒತ್ತುವ ಹಾಗೆ ಮಾಡುವುದು ಹೇಗೆ?

ಟ್ಯಾಬ್ ಕೀಲಿಯ ದಾರಿ ನೀವು ಬಟನ್ ಹುಟ್ಟಿಸಿದ ಕ್ರಮದಲ್ಲೇ ಸಾಗುತ್ತದೆ, ಪರದೆಯ ಮೇಲೆ ಕಾಣುವ ಕ್ರಮದಲ್ಲಲ್ಲ. ಆಮೇಲೆ ಸೇರಿಸಿದ "ಚೀಲದ ತೂಕ" ಖಾನೆಗೆ ಟ್ಯಾಬ್ ಕೊನೆಯಲ್ಲಿ ಹೋಗುವುದು ಇದಕ್ಕೇ. ಕ್ಯೂಟಿಯಲ್ಲಿ ಸೆಟ್ ಟ್ಯಾಬ್ ಆರ್ಡರ್ ಎಂದು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಸರಪಳಿಯಾಗಿ ಕೊಡಿ. ಟಿಕಿಂಟರ್‌ನಲ್ಲಿ ಬೇಕಾದ ಕ್ರಮದಲ್ಲಿ ಒಂದೊಂದಕ್ಕೂ ಲಿಫ್ಟ್ ಕರೆಯಿರಿ.

ಆಲ್ಟ್ ಜೊತೆ ಒಂದಕ್ಷರ ಒತ್ತುವ ಪದ್ಧತಿ ಕನ್ನಡ ಬಟನ್‌ಗೆ ಒಗ್ಗುವುದಿಲ್ಲ. ಕೀಲಿಮಣೆ ಆ ಕ್ಷಣ ಕನ್ನಡದಲ್ಲಿದ್ದರೆ ಮಾತ್ರ ಆ ಅಕ್ಷರ ಸಿಗುತ್ತದೆ. ಫಂಕ್ಷನ್ ಕೀಲಿಗಳನ್ನು ಕೊಡಿ, ಬಟನ್ ಮೇಲೆಯೇ ಬರೆಯಿರಿ: "ಉಳಿಸು – ಎಫ್ 5", "ಮುದ್ರಿಸು – ಎಫ್ 8". ಎಫ್ 1 ಸಹಾಯಕ್ಕೆ ಮೀಸಲು, ಎಫ್ 10 ವಿಂಡೋಸ್‌ನಲ್ಲಿ ಮೆನು ಹಿಡಿಯುತ್ತದೆ, ಅವೆರಡನ್ನು ಬಿಡಿ.

ಒಂದೇ ಪಟ್ಟಿ ಎರಡು ಸಲ ಮುದ್ರಣವಾಗುತ್ತದೆ. ಒತ್ತಿದ ಕೂಡಲೇ ಬಟನ್ ನಿಷ್ಕ್ರಿಯ ಮಾಡಿದ್ದೇನೆ, ಆದರೂ.

ಪ್ರಿಂಟರ್ ನಿಧಾನ, ಒತ್ತಿದವರಿಗೆ ತಾಳ್ಮೆ ಇಲ್ಲ, ಇನ್ನೊಮ್ಮೆ ಒತ್ತುತ್ತಾರೆ. ನೀವು ಫಂಕ್ಷನ್‌ನ ಮೊದಲ ಸಾಲಲ್ಲಿ ಸೆಟ್ ಎನೇಬಲ್ಡ್ ಫಾಲ್ಸ್, ಕೊನೆಯ ಸಾಲಲ್ಲಿ ಟ್ರೂ ಹಾಕಿದ್ದೀರಿ. ನಡುವೆ ಮುದ್ರಣ ನಡೆಯುವಾಗ ಪ್ರೋಗ್ರಾಂ ಯಾವ ಕ್ಲಿಕ್ಕನ್ನೂ ನೋಡುವುದಿಲ್ಲ, ಅವು ಸಾಲಿನಲ್ಲಿ ಕಾಯುತ್ತವೆ. ಫಂಕ್ಷನ್ ಮುಗಿದು ಬಟನ್ ಮತ್ತೆ ಜೀವಂತವಾದ ಮೇಲೆ ಸಾಲಿನಲ್ಲಿದ್ದ ಎರಡನೆಯ ಕ್ಲಿಕ್ ಬಂದು ಸೇರುತ್ತದೆ. ನಿಷ್ಕ್ರಿಯ ಮಾಡಿದ್ದು ವ್ಯರ್ಥ.

ಸುಲಭದ ದಾರಿ: ಕೊನೆಯ ಸಾಲಿನಲ್ಲಿ ನೇರವಾಗಿ ಟ್ರೂ ಮಾಡದೆ, ಕ್ಯೂಟೈಮರ್‌ನ ಸಿಂಗಲ್ ಶಾಟ್‌ಗೆ 500 ಮಿಲಿಸೆಕೆಂಡ್ ಕೊಟ್ಟು ಆಮೇಲೆ ಮಾಡಿಸಿ. ಟಿಕಿಂಟರ್‌ನಲ್ಲಿ ಆಫ್ಟರ್. ಕಾದಿದ್ದ ಕ್ಲಿಕ್‌ಗಳು ಆ ಅರ್ಧ ಸೆಕೆಂಡಿನಲ್ಲಿ ಸತ್ತ ಬಟನ್ ಮೇಲೆ ಬಿದ್ದು ಹೋಗುತ್ತವೆ. ಸರಿಯಾದ ದಾರಿ: ಮುದ್ರಣವನ್ನು ಬೇರೆ ಥ್ರೆಡ್‌ಗೆ ಕಳಿಸಿ, ಮುಗಿದ ಸಿಗ್ನಲ್ ಬಂದಾಗ ಬಟನ್ ತೆರೆಯುವುದು. ಆ ಥ್ರೆಡ್‌ನೊಳಗಿಂದ ಬಟನ್ ಮುಟ್ಟಬೇಡಿ, ಕ್ಯೂಟಿ ಸಹಿಸುವುದಿಲ್ಲ. ಎರಡಕ್ಕೂ ಮೇಲೆ, ಪಟ್ಟಿಯ ಸಂಖ್ಯೆಗೆ ಒಮ್ಮೆ ಮುದ್ರಿಸಿದ ಗುರುತು ಹಾಕಿ, ಎರಡನೆಯದಕ್ಕೆ "ನಕಲು" ಎಂದು ಅಚ್ಚಾಗುವಂತೆ ಮಾಡಿ. ಬಟನ್ನನ್ನೇ ನಂಬಿ ಲೆಕ್ಕ ಕಾಯಲು ಆಗುವುದಿಲ್ಲ. ಆಷಾಢದ ಮಳೆಯಲ್ಲಿ ಮುದ್ರಣದ ನಡುವೆಯೇ ಕರೆಂಟು ಹೋದಾಗಲೂ ಈ ಗುರುತೇ ಆಸರೆ.

ಬೇಡದ ಬಟನ್ ಮರೆಮಾಡಬೇಕೆ, ಮಂಕಾಗಿಸಬೇಕೆ?

ಮಂಕಾಗಿಸಿ. ಮರೆಮಾಡಿದರೆ ಪಕ್ಕದ ಬಟನ್ ಸರಿದು ಅದರ ಜಾಗಕ್ಕೆ ಬರುತ್ತದೆ, ಅಭ್ಯಾಸವಾದ ಕೈ ತಪ್ಪು ಬಟನ್ ಒತ್ತುತ್ತದೆ. ಮರೆಮಾಡಲೇಬೇಕಾದರೆ ಕ್ಯೂಟಿಯ ಸೈಜ್ ಪಾಲಿಸಿಯಲ್ಲಿ ರಿಟೇನ್ ಸೈಜ್ ವೆನ್ ಹಿಡನ್ ಇದೆ. ಟಿಕಿಂಟರ್‌ನಲ್ಲಿ ಗ್ರಿಡ್ ರಿಮೂವ್ ಬಳಸಿ, ಮತ್ತೆ ಗ್ರಿಡ್ ಎಂದಾಗ ಹಳೆಯ ಜಾಗ ಅದಕ್ಕೆ ನೆನಪಿರುತ್ತದೆ. ಗ್ರಿಡ್ ಫರ್ಗೆಟ್‌ಗೆ ನೆನಪಿಲ್ಲ, ಹೆಸರೇ ಹೇಳುವಂತೆ.

ಬಟನ್ ಮೇಲಿನ ಚಿತ್ರ ಕಾಣುವುದಿಲ್ಲ, ಖಾಲಿ ಚೌಕ ಮಾತ್ರ.

ಟಿಕಿಂಟರ್‌ನ ಫೋಟೋಇಮೇಜನ್ನು ಫಂಕ್ಷನ್ ಒಳಗಿನ ಹೆಸರಿನಲ್ಲಿಟ್ಟರೆ, ಫಂಕ್ಷನ್ ಮುಗಿದಾಗ ಪೈಥಾನ್ ಅದನ್ನು ಗುಡಿಸಿ ಹಾಕುತ್ತದೆ. ಸೆಲ್ಫ್ ಮೇಲೆ ಇಟ್ಟುಕೊಳ್ಳಿ.

"ಉಳಿಸು" ಬಟನ್‌ಗೆ ಹಸಿರು ಬಣ್ಣ ಹಾಕಿದ ಮೇಲೆ ಒತ್ತಿದ್ದು ಗೊತ್ತಾಗುವುದಿಲ್ಲ.

ಕ್ಯೂಟಿಯಲ್ಲಿ ಸ್ಟೈಲ್‌ಶೀಟಿನಿಂದ ಹಿನ್ನೆಲೆ ಬದಲಿಸಿದರೆ ವಿಂಡೋಸ್‌ನ ಸಹಜ ಬಟನ್ ರೂಪವೇ ಹೋಗುತ್ತದೆ. ಅಂಚು, ಒತ್ತಿದಾಗಿನ ಬಣ್ಣ, ಮಂಕಾದಾಗಿನ ಬಣ್ಣ, ಫೋಕಸ್ ಗುರುತು ನಾಲ್ಕನ್ನೂ ನೀವೇ ಬರೆಯಬೇಕು. ಮಂಕು ಬಣ್ಣ ಬರೆಯಲು ಮರೆತರೆ ಸತ್ತ ಬಟನ್ನೂ ಹಸಿರಾಗಿಯೇ ನಗುತ್ತಿರುತ್ತದೆ. ಕೆಂಪು–ಹಸಿರಿನ ಭೇದ ಕಾಣದ ಕಣ್ಣುಗಳೂ ಇವೆ, ಬಣ್ಣವೊಂದನ್ನೇ ನೆಚ್ಚಬೇಡಿ.

ಕಾಲೇಜು ಪ್ರಾಜೆಕ್ಟಿಗೆ ಜಾವಾ ಸ್ವಿಂಗ್ ಬಳಸುತ್ತಿದ್ದೇನೆ. ಐದು ಬಟನ್ ಸೇರಿಸಿದರೆ ಒಂದೇ ಕಾಣುತ್ತದೆ, ಅದೂ ಕಿಟಕಿ ತುಂಬ.

ಜೆಫ್ರೇಮ್‌ನ ಒಳಗಿನ ಲೇಔಟ್ ಬಾರ್ಡರ್ ಲೇಔಟ್. ದಿಕ್ಕು ಹೇಳದೆ ಆಡ್ ಮಾಡಿದ್ದೆಲ್ಲ ಸೆಂಟರ್‌ಗೆ ಹೋಗುತ್ತದೆ, ಅಲ್ಲಿ ಒಬ್ಬರಿಗೇ ಜಾಗ, ಕೊನೆಗೆ ಬಂದವರು ಕೂರುತ್ತಾರೆ. ಬಟನ್‌ಗಳನ್ನು ಒಂದು ಜೆಪ್ಯಾನೆಲ್‌ಗೆ ಹಾಕಿ ಆ ಪ್ಯಾನೆಲನ್ನು ಸೌತ್‌ಗೆ ಸೇರಿಸಿ. ಜೆಪ್ಯಾನೆಲ್‌ನಲ್ಲಿರುವುದು ಫ್ಲೋ ಲೇಔಟ್. ಕಿಟಕಿ ಕಿರಿದಾದಾಗ ಬಟನ್ ಎರಡನೆಯ ಸಾಲಿಗೆ ಇಳಿಯುತ್ತದೆ, ಆದರೆ ಪ್ಯಾನೆಲ್ ಎತ್ತರ ಒಂದೇ ಸಾಲಿನ ಲೆಕ್ಕದಲ್ಲಿರುವುದರಿಂದ ಆ ಸಾಲು ಮಾಯ. ಗ್ರಿಡ್ ಲೇಔಟ್ ಕೊಟ್ಟರೆ ಈ ಆಟ ಇಲ್ಲ.

ಮಂಡಿಯಲ್ಲಿ ವಿಷುಯಲ್ ಬೇಸಿಕ್ 6ರ ಹಳೆಯ ಪ್ರೋಗ್ರಾಂ ಇದೆ. ಹೊಸ ಕಂಪ್ಯೂಟರಿನಲ್ಲಿ ಬಟನ್‌ಗಳು ಮಸುಕಾಗಿ ಕಾಣುತ್ತವೆ. ಸೋರ್ಸ್ ಕೋಡ್ ಯಾರ ಬಳಿಯೂ ಇಲ್ಲ.

ಆ ಕಾಲದ ಪ್ರೋಗ್ರಾಂಗಳು ಬಟನ್ ಕೂರಿಸುವುದು ಟ್ವಿಪ್ ಲೆಕ್ಕದಲ್ಲಿ, ಇಂಚಿಗೆ 1440. ಸ್ಕೇಲಿಂಗ್ ಎಂಬುದರ ಅರಿವು ಅವಕ್ಕಿಲ್ಲ. ಹಾಗಾಗಿ ವಿಂಡೋಸ್ ಇಡೀ ಕಿಟಕಿಯನ್ನು ಚಿತ್ರದ ಹಾಗೆ ಹಿಗ್ಗಿಸುತ್ತದೆ, ಅದೇ ಮಸುಕು. ಪ್ರೋಗ್ರಾಂನ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ಓವರ್‌ರೈಡ್ ಗುರುತು ಹಾಕಿ, "ಸಿಸ್ಟಂ ಎನ್‌ಹಾನ್ಸ್ಡ್" ಆರಿಸಿ. ಅಕ್ಷರ ಬಹುಮಟ್ಟಿಗೆ ಚೊಕ್ಕವಾಗುತ್ತದೆ, ಬಟನ್ ಜಾಗ ಕದಲುವುದಿಲ್ಲ. ಅಲ್ಲೇ ಇರುವ "ಅಪ್ಲಿಕೇಶನ್" ಎಂಬುದನ್ನು ಆರಿಸಬೇಡಿ. ಅದರಲ್ಲಿ ಅಳತೆಯ ಹೊಣೆ ಪ್ರೋಗ್ರಾಂಗೇ ಹೋಗುತ್ತದೆ, ಬಟನ್‌ಗಳು ಚೊಕ್ಕವಾಗಿ ಕಂಡರೂ ಕೆಲವು ಕಡೆ ಹೆಸರಿನ ಪಟ್ಟಿಯ ಮೇಲೆಯೇ ಏರಿ ಕೂರಬಹುದು.